ಕೋರ್‌ಗಳ ನಡುವೆ ಮಾತು ನಿಂತಾಗ: ಮೇಲ್‌ಬಾಕ್ಸ್ ಡ್ರೈವರ್‌ನಲ್ಲಿ ದೋಷ ಹುಡುಕುವ ಬಗೆ

ಡ್ರೈವರ್ ಬರೆದಾಯಿತು, ಕರ್ನಲ್ ಬಿಲ್ಡ್ ಆಯಿತು, ಬೋರ್ಡ್ ಬೂಟ್ ಆಯಿತು, ಅದೇ ಚಿಪ್‌ನ ಪಕ್ಕದ ಪುಟ್ಟ ಕೋರ್‌ನಲ್ಲಿ (ಪ್ರೊಸೆಸರ್‌ನಲ್ಲಿ) ಅದರದೇ ಪ್ರೋಗ್ರಾಂ ಆದ ಫರ್ಮ್‌ವೇರ್ ಕೂಡ ಎದ್ದಿತು. ಆದರೆ ಈ ಕಡೆಯಿಂದ ಕಳುಹಿಸಿದ ಸಂದೇಶಕ್ಕೆ ಆ ಕಡೆಯಿಂದ ಉತ್ತರವೇ ಇಲ್ಲ. ಲಾಗ್ ತೆರೆದರೆ ಎರರ್ ಎನ್ನುವಂಥದ್ದು ಒಂದೂ ಕಾಣುವುದಿಲ್ಲ. ಹೊಸ ಚಿಪ್‌ಗೆ ಕೋರ್‌ಗಳ ನಡುವಿನ ಸಂವಹನದ ಡ್ರೈವರ್ ಸೇರಿಸುವವರು ಒಂದಲ್ಲ ಒಂದು ದಿನ ಬಂದು ನಿಲ್ಲುವ ಜಾಗ ಇದು. ನಾನೂ ಹಲವು ಸಲ ನಿಂತಿದ್ದೇನೆ. ಅಲ್ಲಿಂದ ಮುಂದೆ ಹೋಗುವ ದಾರಿ ಇಲ್ಲಿದೆ.

ಮೊದಲು ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಕೋರ್‌ಗಳು ಮಾತಾಡುವಾಗ ಎರಡು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಸಂದೇಶದ ಬೈಟ್‌ಗಳನ್ನು ಇಬ್ಬರಿಗೂ ಕಾಣುವ ಮೆಮೊರಿಯಲ್ಲಿ ಬರೆದಿಡುವುದು ಒಂದು, ಆ ಬರಹವನ್ನು ಕಾಗದ ಎನ್ನೋಣ. ‘ಬರೆದಿಟ್ಟಿದ್ದೇನೆ, ನೋಡು’ ಎಂದು ಇಂಟರಪ್ಟ್ ಮೂಲಕ ಗಂಟೆ ಬಾರಿಸುವುದು ಇನ್ನೊಂದು. ಲಿನಕ್ಸ್‌ನಲ್ಲೂ ಇವೆರಡಕ್ಕೆ ಬೇರೆ ಬೇರೆ ಮನೆಗಳಿವೆ. ಗಂಟೆಯ ಕೆಲಸ ಮೇಲ್‌ಬಾಕ್ಸ್ ಫ್ರೇಮ್‌ವರ್ಕ್‌ನದು. ಅದು 2014ರಲ್ಲಿ, 3.18ನೇ ಕರ್ನಲ್‌ನಲ್ಲಿ ಸೇರಿತು. ಆ ಕಡೆಯ ಕೋರ್ ಅನ್ನು ಎಬ್ಬಿಸುವ ರಿಮೋಟ್‌ಪ್ರಾಕ್ ಮತ್ತು ಕಾಗದ ಒಯ್ಯುವ ಆರ್‌ಪಿಮೆಸೇಜ್ ಅದಕ್ಕೂ ಮುಂಚೆ, 2012ರ 3.4ರಲ್ಲೇ ಬಂದಿದ್ದವು. ಗಂಟೆ ಬಾರಿಸಲಿಲ್ಲವೋ, ಗಂಟೆ ಬಾರಿಸಿಯೂ ಕಾಗದ ಓದಲಾಗಲಿಲ್ಲವೋ ಎನ್ನುವುದು ಗೊತ್ತಾಗುವ ತನಕ ಕೋಡ್‌ನ ಒಂದು ಸಾಲನ್ನೂ ಬದಲಿಸಬೇಡಿ. ಎರಡನ್ನೂ ಒಟ್ಟಿಗೆ ಹಿಡಿದು ಹುಡುಕಿದರೆ ದಿನಗಳು ಹೋಗುತ್ತವೆ, ಬೇರೆ ಮಾಡಿಕೊಂಡರೆ ಹೆಚ್ಚಿನ ಸಲ ಸಂಜೆಯೊಳಗೆ ಸಿಗುತ್ತದೆ.

ಡ್ರೈವರ್ ನಿಜಕ್ಕೂ ಎದ್ದಿದೆಯೇ

ಇದನ್ನು ಬೇಗ ಮುಗಿಸಿ. ಗಂಟೆಯ ಹಾರ್ಡ್‌ವೇರ್ ನಡೆಸುವುದು ಕಂಟ್ರೋಲರ್ ಡ್ರೈವರ್, ಅದನ್ನು ಬಳಸುವುದು ಕ್ಲೈಂಟ್ ಡ್ರೈವರ್, ಚಾನೆಲ್ ಎಂದರೆ ಮೇಲ್‌ಬಾಕ್ಸ್‌ನ ಒಂದು ಸಂದೇಶದ ದಾರಿ. ಕ್ಲೈಂಟ್ ಡ್ರೈವರ್ ಚಾನೆಲ್ ಕೇಳಿದಾಗ ಸಿಕ್ಕ ಎರರ್ ಸಂಖ್ಯೆಯೇ ಅರ್ಧ ಕಥೆ ಹೇಳುತ್ತದೆ. ಮೈನಸ್ 517 ಬಂದರೆ ಕಂಟ್ರೋಲರ್ ಇನ್ನೂ ನೋಂದಣಿಯಾಗಿಲ್ಲ, ಕರ್ನಲ್ ಆಮೇಲೆ ಮತ್ತೆ ಪ್ರಯತ್ನಿಸುತ್ತದೆ ಎಂದು ಅರ್ಥ. ಒಮ್ಮೆ ಬಂದು ಹೋದರೆ ಚಿಂತೆಯಿಲ್ಲ. ಕೊನೆಯವರೆಗೂ ಹಾಗೇ ಉಳಿದರೆ ಕರ್ನಲ್‌ನ ಒಳಸ್ಥಿತಿ ತೋರಿಸುವ ಡೀಬಗ್‌ಎಫ್‌ಎಸ್‌ನಲ್ಲಿರುವ ‘ಡಿವೈಸಸ್ ಡಿಫರ್ಡ್’ ಫೈಲ್ ಓದಿ, ಯಾವ ಡಿವೈಸ್ ಕಾಯುತ್ತಾ ಕೂತಿದೆ ಎಂದು ಅಲ್ಲಿ ಕಾಣುತ್ತದೆ. ಮೈನಸ್ 16 ಬಂದರೆ ಆ ಚಾನೆಲ್ ಅನ್ನು ಆಗಲೇ ಬೇರೆಯವರು ಹಿಡಿದಿದ್ದಾರೆ. ಬೋರ್ಡ್‌ನ ಹಾರ್ಡ್‌ವೇರ್ ಅನ್ನು ಕರ್ನಲ್‌ಗೆ ವಿವರಿಸುವ ಡಿವೈಸ್ ಟ್ರೀಯಲ್ಲಿ ಎರಡು ನೋಡ್‌ಗಳಿಗೆ ಒಂದೇ ಚಾನೆಲ್ ಸಂಖ್ಯೆ ಕೊಟ್ಟಾಗ ಹೀಗಾಗುತ್ತದೆ. ಮೇಲ್‌ಬಾಕ್ಸ್ ಸೆಲ್‌ಗಳು, ಅಂದರೆ ಒಂದು ಚಾನೆಲ್ ಗುರುತಿಸಲು ಬೇಕಾದ ಸಂಖ್ಯೆಗಳು, ಎರಡು ಎಂದು ಕಂಟ್ರೋಲರ್ ನೋಡ್‌ನಲ್ಲಿ ಬರೆದು, ಕ್ಲೈಂಟ್ ನೋಡ್‌ನಲ್ಲಿ ಒಂದೇ ಸಂಖ್ಯೆ ಕೊಡುವುದೂ ತೀರಾ ಸಾಮಾನ್ಯ ತಪ್ಪು.

ಗಂಟೆ ಕೇಳಿಸದಿದ್ದಾಗ

ಪ್ರಾಕ್ ಫೈಲ್‌ಸಿಸ್ಟಂನ ಇಂಟರಪ್ಟ್ಸ್ ಫೈಲ್ ತೆರೆದು ಮೇಲ್‌ಬಾಕ್ಸ್‌ನ ಸಾಲನ್ನು ನೋಡಿ. ಆ ಕಡೆಯಿಂದ ಒಂದು ಸಂದೇಶ ಕಳುಹಿಸಿ, ಮತ್ತೆ ನೋಡಿ. ಎಣಿಕೆ ಒಂದು ಏರಿತೇ? ಏರದೆ ಸೊನ್ನೆಯಲ್ಲೇ ನಿಂತಿದೆಯೇ? ಅಥವಾ ಲಕ್ಷಗಟ್ಟಲೆ ಓಡಿದೆಯೇ? ಈ ಮೂರು ಉತ್ತರಗಳು ಮೂರು ಬೇರೆ ದಿಕ್ಕಿಗೆ ಕರೆದೊಯ್ಯುತ್ತವೆ. ಒಂದು ಏರಿದ್ದರೆ ಈ ಕಡೆಯ ಗಂಟೆ ಸರಿ, ಮುಂದಿನ ಭಾಗಗಳಿಗೆ ಹೋಗಿ.

ಸೊನ್ನೆಯಲ್ಲೇ ಇದ್ದರೆ, ಆರ್ಮ್ ಚಿಪ್‌ಗಳಲ್ಲಿ ನಾನು ಮೊದಲು ಅನುಮಾನಿಸುವುದು 32ರ ಲೆಕ್ಕವನ್ನು. ಜಿಐಸಿ ಇಂಟರಪ್ಟ್ ಕಂಟ್ರೋಲರ್‌ನಲ್ಲಿ ಹೊರಗಿನ ಸಾಧನಗಳು ಹಂಚಿಕೊಳ್ಳುವ ಇಂಟರಪ್ಟ್‌ಗಳು 32ರಿಂದ ಶುರುವಾಗುತ್ತವೆ. ಡಿವೈಸ್ ಟ್ರೀಯಲ್ಲಿ ಮಾತ್ರ ಆ 32 ಕಳೆದು ಬರೆಯಬೇಕು. ಚಿಪ್‌ನ ಕೈಪಿಡಿಯಲ್ಲಿ 132 ಎಂದಿದ್ದರೆ ಡಿವೈಸ್ ಟ್ರೀಯಲ್ಲಿ 100. ಕೆಲವು ಕೈಪಿಡಿಗಳು ಮೊದಲೇ ಕಳೆದ ಸಂಖ್ಯೆಯನ್ನು ಅಚ್ಚು ಹಾಕಿರುತ್ತವೆ. ಹಾಗಾಗಿ ಅದೇ ಚಿಪ್‌ನಲ್ಲಿ ಸರಿಯಾಗಿ ನಡೆಯುತ್ತಿರುವ ಯುಆರ್ಟ್‌ನಂಥ (ಸೀರಿಯಲ್ ಪೋರ್ಟ್) ಇನ್ನೊಂದು ಸಾಧನದ ಸಂಖ್ಯೆಯನ್ನು ಕೈಪಿಡಿಯಲ್ಲೂ ಡಿವೈಸ್ ಟ್ರೀಯಲ್ಲೂ ನೋಡಿ ಹೋಲಿಸಿಕೊಳ್ಳಿ. ತಪ್ಪು ಸಂಖ್ಯೆ ಕೊಟ್ಟರೂ ಪ್ರೋಬ್, ಅಂದರೆ ಡ್ರೈವರ್ ಸಾಧನಕ್ಕೆ ಜೋಡಿಕೊಳ್ಳುವ ಹಂತ, ಸರಾಗವಾಗಿ ಮುಗಿಯುತ್ತದೆ, ಯಾರೂ ದೂರು ಹೇಳುವುದಿಲ್ಲ. ಈ ದೋಷ ಕಾಣದೆ ಉಳಿಯುವುದು ಇದೇ ಕಾರಣಕ್ಕೆ.

ಎಣಿಕೆ ಹುಚ್ಚೆದ್ದು ಓಡಿ, ಆಮೇಲೆ ‘ನೋಬಡಿ ಕೇರ್ಡ್’ ಎಂಬ ಸಂದೇಶದೊಂದಿಗೆ ಕರ್ನಲ್ ಆ ಇಂಟರಪ್ಟ್ ಅನ್ನೇ ಮುಚ್ಚಿದರೆ, ಇಂಟರಪ್ಟ್ ಬಂದಾಗ ಓಡುವ ನಿಮ್ಮ ಹ್ಯಾಂಡ್ಲರ್ ‘ಇದು ನನ್ನದಲ್ಲ’ ಎನ್ನುತ್ತಲೇ ಇದೆ, ತಂತಿ ಮಾತ್ರ ಎತ್ತಿದ ಸ್ಥಿತಿಯಲ್ಲೇ ನಿಂತಿದೆ ಎಂದು ತಿಳಿಯಿರಿ. ಒಂದು ಲಕ್ಷ ಇಂಟರಪ್ಟ್‌ಗಳಲ್ಲಿ 99,900ಕ್ಕೂ ಹೆಚ್ಚನ್ನು ಯಾರೂ ವಹಿಸಿಕೊಳ್ಳದಿದ್ದರೆ ಕರ್ನಲ್ ಹೀಗೆ ಮಾಡುತ್ತದೆ. ಸ್ಟೇಟಸ್ ರಿಜಿಸ್ಟರ್‌ನ ಯಾವ ಬಿಟ್ ನಿಮ್ಮ ಚಾನೆಲ್‌ನದು, ಅದು ಒಂದನ್ನು ಬರೆದರೆ ಅಳಿಯುವ ಜಾತಿಯದೋ ಓದಿದರೆ ಅಳಿಯುವ ಜಾತಿಯದೋ ಎಂದು ಕೈಪಿಡಿಯಲ್ಲಿ ಬೆರಳಿಟ್ಟು ಓದಿ.

ಇಲ್ಲೇ ಇನ್ನೊಂದು ಎಚ್ಚರಿಕೆ. ಬೂಟ್‌ಲೋಡರ್ ಹಂತದಲ್ಲೇ ಫರ್ಮ್‌ವೇರ್ ಎದ್ದಿದ್ದರೆ, ಲಿನಕ್ಸ್ ಬರುವ ಮುಂಚೆಯೇ ಅದು ಗಂಟೆ ಬಾರಿಸಿ ಕಾಯುತ್ತಿರಬಹುದು. ನೀವು ಪ್ರೋಬ್‌ನಲ್ಲಿ ಇಂಟರಪ್ಟ್ ತೆರೆದ ಮರುಕ್ಷಣ ಹ್ಯಾಂಡ್ಲರ್ ಓಡುತ್ತದೆ, ಬಂದದ್ದನ್ನು ಮೇಲ್‌ಬಾಕ್ಸ್ ಫ್ರೇಮ್‌ವರ್ಕ್‌ಗೆ ಒಪ್ಪಿಸುತ್ತದೆ. ಆಗಿನ್ನೂ ಚಾನೆಲ್‌ಗೆ ಕ್ಲೈಂಟ್ ಕೂತಿರುವುದಿಲ್ಲ. ಫ್ರೇಮ್‌ವರ್ಕ್ ಖಾಲಿ ಪಾಯಿಂಟರ್ ಮೂಲಕ ಕ್ಲೈಂಟ್‌ನ ಕಾಲ್‌ಬ್ಯಾಕ್ (ಸಂದೇಶ ಬಂದಾಗ ಕರೆಯುವ ಫಂಕ್ಷನ್) ಹುಡುಕಲು ಹೋಗಿ ಕರ್ನಲ್ ಬಿದ್ದುಬಿಡುತ್ತದೆ. ಪ್ರೋಬ್‌ನಲ್ಲಿ ಎಲ್ಲ ಚಾನೆಲ್‌ಗಳ ಇಂಟರಪ್ಟ್ ಮುಚ್ಚಿ (ಮಾಸ್ಕ್ ಮಾಡಿ), ಹಳೆಯ ಬಾಕಿಗಳನ್ನು ಅಳಿಸಿ, ಚಾನೆಲ್‌ನ ಸ್ಟಾರ್ಟ್‌ಅಪ್ ಕರೆ ಬಂದಾಗ ಮಾತ್ರ ತೆರೆಯುವುದು ಸರಿಯಾದ ಕ್ರಮ. ಶಟ್‌ಡೌನ್‌ನಲ್ಲಿ ಮತ್ತೆ ಮುಚ್ಚಿ.

ಬೂಟ್ ಆಗುವಾಗ ಚೆನ್ನಾಗಿದ್ದು, ಬೂಟ್ ಮುಗಿಯುವ ಹೊತ್ತಿಗೆ ಮೇಲ್‌ಬಾಕ್ಸ್ ಸತ್ತಿದೆಯೇ? ರಿಜಿಸ್ಟರ್ ಮುಟ್ಟಿದರೆ ಬೋರ್ಡ್ ಹಾಗೇ ನಿಲ್ಲುತ್ತದೆಯೇ, ಅಥವಾ ‘ಸಿಂಕ್ರೊನಸ್ ಎಕ್ಸ್‌ಟರ್ನಲ್ ಅಬಾರ್ಟ್’ ಬರುತ್ತದೆಯೇ? ಆ ಹಾರ್ಡ್‌ವೇರ್ ಭಾಗವನ್ನು ನಡೆಸುವ ಕ್ಲಾಕ್ ನೋಡಿ. ಬೂಟ್‌ನ ಕೊನೆಗೆ ಕರ್ನಲ್ ಯಾರೂ ಕೇಳಿಕೊಳ್ಳದ ಕ್ಲಾಕ್‌ಗಳನ್ನೆಲ್ಲ ಆರಿಸುತ್ತದೆ. ಬೂಟ್‌ಲೋಡರ್ ಹಚ್ಚಿಟ್ಟಿದ್ದ ಮೇಲ್‌ಬಾಕ್ಸ್ ಕ್ಲಾಕ್‌ನಿಂದಲೇ ಅಲ್ಲಿಯವರೆಗೆ ನಿಮ್ಮ ಕೆಲಸ ನಡೆಯುತ್ತಿತ್ತು ಅಷ್ಟೇ. ಕರ್ನಲ್ ಕಮಾಂಡ್ ಲೈನ್‌ನಲ್ಲಿ ‘ಕ್ಲಾಕ್ ಇಗ್ನೋರ್ ಅನ್‌ಯೂಸ್ಡ್’ ಆಯ್ಕೆ ಸೇರಿಸಿ ಬೂಟ್ ಮಾಡಿದಾಗ ತೊಂದರೆ ಮಾಯವಾದರೆ ಕಳ್ಳ ಸಿಕ್ಕ ಹಾಗೆ. ಆ ಆಯ್ಕೆಯನ್ನು ಅಲ್ಲೇ ಬಿಡಬೇಡಿ. ಡ್ರೈವರ್ ತನ್ನ ಕ್ಲಾಕ್ ಅನ್ನು ತಾನೇ ಕೇಳಿ ಪಡೆಯಲಿ.

ಕಳುಹಿಸಿದ್ದು ಮುಗಿಯದಿದ್ದಾಗ

ಗಂಟೆ ಎರಡೂ ಕಡೆ ಕೇಳುತ್ತಿದೆ, ಆದರೂ ಮೊದಲ ಸಂದೇಶ ಮಾತ್ರ ಹೋಗಿ ಉಳಿದವು ಹೋಗುತ್ತಿಲ್ಲ ಎನ್ನುವ ದೂರನ್ನು ನಾನು ಅತಿ ಹೆಚ್ಚು ಕೇಳಿದ್ದೇನೆ. ಇದಕ್ಕೆ ಕಾರಣ ಬಹುಪಾಲು ಒಂದೇ: ಕಳುಹಿಸಿದ್ದು ಮುಗಿಯಿತು ಎಂದು ಫ್ರೇಮ್‌ವರ್ಕ್‌ಗೆ ಯಾರೂ ಹೇಳುತ್ತಿಲ್ಲ.

ಹೇಳುವ ದಾರಿ ಮೂರಿವೆ. ಹಾರ್ಡ್‌ವೇರ್ ಇಂಟರಪ್ಟ್ ಕೊಟ್ಟರೆ ಕಂಟ್ರೋಲರ್ ಡ್ರೈವರ್ ಹೇಳುತ್ತದೆ. ಇಂಟರಪ್ಟ್ ಇಲ್ಲದೆ ಸ್ಟೇಟಸ್ ಬಿಟ್ ಮಾತ್ರ ಇದ್ದರೆ, ನೀವು ಕೊಟ್ಟ ಮಿಲಿಸೆಕೆಂಡ್ ಅಂತರದಲ್ಲಿ ಫ್ರೇಮ್‌ವರ್ಕ್ ತಾನೇ ಇಣುಕಿ ನೋಡುತ್ತದೆ. ಎರಡೂ ಇಲ್ಲದಿದ್ದರೆ, ಆ ಕಡೆಯ ಉತ್ತರ ಬಂದಾಗ ಕ್ಲೈಂಟ್ ಹೇಳಬೇಕು. ಡ್ರೈವರ್‌ನಲ್ಲಿ ಇಂಟರಪ್ಟ್ ದಾರಿ ಎಂದು ಘೋಷಿಸಿ, ಆ ಇಂಟರಪ್ಟ್ ಅನ್ನು ತೆರೆಯುವುದನ್ನೇ ಮರೆತರೆ ಕ್ಯೂ ಕಟ್ಟಿಕೊಳ್ಳುತ್ತದೆ.

ಇದರ ಗುರುತು ಬಹಳ ಸ್ಪಷ್ಟ. ಒಂದು ಚಾನೆಲ್‌ನ ಕ್ಯೂ ಉದ್ದ 20. ಕಾಯದೆ ಕಳುಹಿಸುವ ಕ್ಲೈಂಟ್ ಆದರೆ ಮೊದಲ ಸಂದೇಶ ಹಾರ್ಡ್‌ವೇರ್‌ಗೆ ಹೋಗಿ ಅಲ್ಲೇ ಕೂರುತ್ತದೆ, ಹಿಂದೆ ಬಂದ 20 ಕ್ಯೂನಲ್ಲಿ ನಿಲ್ಲುತ್ತವೆ, 22ನೆಯದಕ್ಕೆ ಮೈನಸ್ 105 ಬರುತ್ತದೆ. ಕ್ಯೂ ಉದ್ದ ಹೆಚ್ಚಿಸಿ ನೋಡಿ ಎಂದು ಲಾಗ್ ಸಲಹೆಯನ್ನೂ ಕೊಡುತ್ತದೆ. ಆ ಸಲಹೆ ಕೇಳಬೇಡಿ. 21 ಸಂದೇಶಗಳನ್ನು ನುಂಗಿ 22ನೆಯದರಲ್ಲಿ ಸಿಕ್ಕಿಬಿದ್ದರೆ ಕ್ಯೂ ಸಣ್ಣದಾಗಿಲ್ಲ, ಮುಂದೆ ಸಾಗುತ್ತಲೇ ಇಲ್ಲ. ಆ ಮೊದಲ 21 ಕರೆಗಳೂ ಸೊನ್ನೆ ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆಯನ್ನೇ ಹಿಂತಿರುಗಿಸಿರುತ್ತವೆ. ಸಂದೇಶ ಕ್ಯೂಗೆ ಸೇರಿತು ಎಂಬುದಷ್ಟೇ ಅದರ ಅರ್ಥ, ಹೋಗಿ ತಲುಪಿತು ಎಂದಲ್ಲ.

ಕಾಯುವ ಕ್ಲೈಂಟ್ ಆಗಿದ್ದರೆ ನೀವು ಕೊಟ್ಟ ಅವಧಿ ಮುಗಿದ ಮೇಲೆ ಮೈನಸ್ 62 ಸಿಗುತ್ತದೆ. ಅವಧಿ ಕೊಡುವುದನ್ನೇ ಮರೆತು ಸೊನ್ನೆ ಬಿಟ್ಟಿದ್ದರೆ ಫ್ರೇಮ್‌ವರ್ಕ್ ಬರೋಬ್ಬರಿ ಒಂದು ಗಂಟೆ ಕಾಲ ಕಾಯುತ್ತದೆ. ನೋಡುವವರಿಗೆ ಅದು ಕರ್ನಲ್ ಹ್ಯಾಂಗ್ ಆದಂತೆಯೇ ಕಾಣುತ್ತದೆ. ಪ್ರಕ್ರಿಯೆಯ ಸ್ಟ್ಯಾಕ್ ತೆಗೆದು ನೋಡಿ, ಸಂದೇಶ ಕಳುಹಿಸುವ ಕರೆಯೊಳಗೆ ನಿಂತಿದ್ದರೆ ಅವಧಿಯನ್ನು ಪರೀಕ್ಷಿಸಿ.

ಕ್ಲೈಂಟ್ ಬರೆಯುವವರು ಎಡವುವ ಇನ್ನೊಂದು ಕಡೆ ಪಾಯಿಂಟರ್. ಮೇಲ್‌ಬಾಕ್ಸ್ ಫ್ರೇಮ್‌ವರ್ಕ್ ಸಂದೇಶವನ್ನು ನಕಲು ಮಾಡಿಕೊಳ್ಳುವುದಿಲ್ಲ, ನೀವು ಕೊಟ್ಟ ಪಾಯಿಂಟರ್ ಅನ್ನಷ್ಟೇ ಇಟ್ಟುಕೊಳ್ಳುತ್ತದೆ. ಫಂಕ್ಷನ್‌ನ ಒಳಗಿನ ಸ್ಥಳೀಯ ವೇರಿಯಬಲ್‌ನ ವಿಳಾಸ ಕೊಟ್ಟು, ಕಾಯದೆ ಹೊರಗೆ ಬಂದರೆ, ಸರದಿ ಬಂದಾಗ ಆ ಸ್ಟ್ಯಾಕ್ ಜಾಗದಲ್ಲಿ ಬೇರೇನೋ ಇರುತ್ತದೆ. ಲೈನ್ ಖಾಲಿ ಇದ್ದಾಗ ಸಂದೇಶ ಆ ಕ್ಷಣವೇ ಹೋಗಿಬಿಡುವುದರಿಂದ ಮೇಜಿನ ಮೇಲಿನ ಪರೀಕ್ಷೆಯಲ್ಲಿ ಎಲ್ಲ ಸರಿಯಿರುತ್ತದೆ. ಹೊರೆ ಹೆಚ್ಚಾಗಿ ಕ್ಯೂ ಕಟ್ಟಿದಾಗ ಮಾತ್ರ ಕಸ ಹೋಗುತ್ತದೆ. ಹೊರೆ ಹೆಚ್ಚಾದಾಗ ಮಾತ್ರ ಸಂದೇಶ ಕೆಡುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಆ ಬಫರ್ ಎಲ್ಲಿದೆ ಎಂದೇ.

‘ಷೆಡ್ಯೂಲಿಂಗ್ ವೈಲ್ ಅಟಾಮಿಕ್’ ಎಂದು ಲಾಗ್ ಕೂಗಿದರೆ, ಕಳುಹಿಸುವ ಕಾಲ್‌ಬ್ಯಾಕ್‌ನೊಳಗೆ ಕಾಯುವಾಗ ನಿದ್ದೆ ಮಾಡಿಸುವ ಬೀಗವಾದ ಮ್ಯೂಟೆಕ್ಸ್ ಹಿಡಿದಿದ್ದೀರಿ ಅಥವಾ ನಿದ್ದೆ ಮಾಡಿದ್ದೀರಿ. ಆ ಕಾಲ್‌ಬ್ಯಾಕ್ ಅನ್ನು ನಿದ್ದೆಗೆ ಅವಕಾಶವಿಲ್ಲದ ಬೀಗವಾದ ಸ್ಪಿನ್‌ಲಾಕ್ ಹಿಡಿದು ಕರೆಯಲಾಗುತ್ತದೆ. ಸ್ವೀಕರಿಸುವ ಕಾಲ್‌ಬ್ಯಾಕ್ ಕೂಡ ಸಾಮಾನ್ಯವಾಗಿ ಇಂಟರಪ್ಟ್‌ನೊಳಗೇ ಓಡುವುದರಿಂದ ಅಲ್ಲೂ ಇದೇ ನಿಯಮ.

ಗಂಟೆ ಸರಿ, ಕಾಗದ ಕಾಣುತ್ತಿಲ್ಲ

ಈಗ ಆರ್‌ಪಿಮೆಸೇಜ್ ಕಡೆ ಬರೋಣ. ಕರ್ನಲ್ ಲಾಗ್‌ನಲ್ಲಿ ‘ಆರ್‌ಪಿಮೆಸೇಜ್ ಹೋಸ್ಟ್ ಈಸ್ ಆನ್‌ಲೈನ್’ ಎಂಬ ಸಾಲು ಬಂದಿದೆಯೇ? ಅದಿಲ್ಲದಿದ್ದರೆ ಹೆಚ್ಚಿನ ಸಲ ಫರ್ಮ್‌ವೇರ್‌ನ ರಿಸೋರ್ಸ್ ಟೇಬಲ್‌ನಲ್ಲಿ (ತನಗೇನು ಬೇಕೆಂದು ಅದು ಲಿನಕ್ಸ್‌ಗೆ ಹೇಳುವ ಪಟ್ಟಿ) ಆರ್‌ಪಿಮೆಸೇಜ್ ಬಳಸುವ ವರ್ಟ್‌ಐಒ ಡಿವೈಸ್ ಸರಿಯಾಗಿ ಬರೆದಿಲ್ಲ. ಅದರ ಗುರುತಿನ ಸಂಖ್ಯೆ 7 ಇರಬೇಕು. ಸಾಲು ಬಂದಿದೆ, ಆದರೆ ಚಾನೆಲ್ ಹುಟ್ಟಿದ ಸೂಚನೆ ಇಲ್ಲ ಎಂದರೆ, ಹೆಸರು ಸಾರುವ ಸಂದೇಶ ಕಳೆದುಹೋಗಿದೆ. ಆ ಕಡೆಯ ಕೋರ್ ತನ್ನ ಸೇವೆಯ ಹೆಸರನ್ನು ವಿಳಾಸ 53ಕ್ಕೆ ಕಳುಹಿಸಬೇಕು. ಅನೇಕ ಫರ್ಮ್‌ವೇರ್‌ಗಳು ಎದ್ದ ತಕ್ಷಣ ಕಳುಹಿಸಿಬಿಡುತ್ತವೆ, ಲಿನಕ್ಸ್ ಆಗಿನ್ನೂ ಬಫರ್‌ಗಳನ್ನೇ ಜೋಡಿಸಿರುವುದಿಲ್ಲ. ರಿಸೋರ್ಸ್ ಟೇಬಲ್‌ನ ಸ್ಟೇಟಸ್ ಬೈಟ್‌ನಲ್ಲಿ 4ರ ಬಿಟ್, ಅಂದರೆ ‘ಡ್ರೈವರ್ ಓಕೆ’, ಬೀಳುವ ತನಕ ಫರ್ಮ್‌ವೇರ್ ಕಾಯಬೇಕು. ಬಫರ್‌ಗಳ ಸರದಿ ಪಟ್ಟಿಗಳಾದ ರಿಂಗ್‌ಗಳ ವಿಳಾಸವನ್ನು ಕರ್ನಲ್ ತುಂಬಲಿ ಎಂದು ಬಿಟ್ಟಿದ್ದರಂತೂ ಆ ಮೇಲೆಯೇ ಓದಿಕೊಳ್ಳುವುದು ಸುರಕ್ಷಿತ.

ದಿಕ್ಕು ಅದಲು ಬದಲಾಗುವುದೂ ಉಂಟು. ಲಿನಕ್ಸ್‌ಗೆ ಮೊದಲ ರಿಂಗ್, ಅಂದರೆ ಸೊನ್ನೆಯದು, ಸ್ವೀಕರಿಸಲು; ಎರಡನೆಯದು ಕಳುಹಿಸಲು. ಫರ್ಮ್‌ವೇರ್‌ಗೆ ಇದು ತಿರುವುಮುರುವು. ಲಿನಕ್ಸ್‌ನಿಂದ 1 ಎಂಬ ಸಂಖ್ಯೆಯೊಂದಿಗೆ ಗಂಟೆ ಬಂದರೆ ಕಾಗದ ಬಂದಿದೆ ಎಂದು, 0 ಬಂದರೆ ಖಾಲಿ ಬಫರ್ ವಾಪಸ್ ಸಿಕ್ಕಿದೆ ಎಂದು ಅದು ಓದಿಕೊಳ್ಳಬೇಕು.

ಕಳುಹಿಸುವ ಕರೆ ಸರಿಯಾಗಿ 15 ಸೆಕೆಂಡ್ ನಿಂತು ಆಮೇಲೆ ಸೋತರೆ, ಖಾಲಿ ಬಫರ್ ಸಿಗದೆ ಕಾದು ಸುಸ್ತಾಗಿದೆ ಎಂದು ಅರ್ಥ. ಫರ್ಮ್‌ವೇರ್ ಓದಿದ ಬಫರ್‌ಗಳನ್ನು ಹಿಂತಿರುಗಿಸುತ್ತಿಲ್ಲ, ಅಥವಾ ಹಿಂತಿರುಗಿಸಿ ಗಂಟೆ ಬಾರಿಸುತ್ತಿಲ್ಲ. ಗಾತ್ರದ ಮಿತಿಯೂ ನೆನಪಿರಲಿ: ಬಫರ್ 512 ಬೈಟ್, ಅದರಲ್ಲಿ 16 ಬೈಟ್ ಹೆಡರ್‌ಗೆ, ನಿಮಗೆ ಉಳಿಯುವುದು 496.

17ನೆಯ ಸಂದೇಶ

ನನ್ನ ಕೈಯಲ್ಲೇ ಆದ ಒಂದು ಪ್ರಕರಣವನ್ನು ಹತ್ತಿರದಿಂದ ತೋರಿಸುತ್ತೇನೆ. ಚಿಪ್‌ನಲ್ಲಿ ಲಿನಕ್ಸ್‌ಗೆ ಕಾರ್ಟೆಕ್ಸ್ ಎ53 ಕೋರ್‌ಗಳು, ಪಕ್ಕದಲ್ಲಿ ಒಂದು ಕಾರ್ಟೆಕ್ಸ್ ಎಂ7. ಗಂಟೆ ಸರಿ, ಚಾನೆಲ್ ಹುಟ್ಟಿದೆ, ಸಂದೇಶಗಳು ಹೋಗುತ್ತಿವೆ. ಆದರೆ ಸ್ವಲ್ಪ ಹೊತ್ತಿಗೆ ಎಂ7 ಕಡೆ ಸಿಆರ್‌ಸಿ (ಬೈಟ್‌ಗಳು ಕೆಟ್ಟಿವೆಯೇ ಎಂದು ನೋಡುವ ಲೆಕ್ಕ) ತಾಳೆಯಾಗುತ್ತಿರಲಿಲ್ಲ. ಮೊದಮೊದಲು ಸರಿಯಿದ್ದು ಆಮೇಲೆ ಕೆಡುವುದನ್ನು ಕಂಡು ನಾವು ಎರಡು ದಿನ ಲಿನಕ್ಸ್ ಡ್ರೈವರ್‌ನಲ್ಲೇ ರೇಸ್, ಅಂದರೆ ಎರಡು ಕೆಲಸಗಳ ಸಮಯ ಹೊಂದದೆ ಆಗುವ ದೋಷ, ಹುಡುಕಿದೆವು.

ಮೂರನೆಯ ದಿನ ಎಲ್ಲ ನಿಲ್ಲಿಸಿ ಎಣಿಸಿದೆವು. ಪ್ರತಿ ಸಲವೂ 16 ಸಂದೇಶ ಸರಿ, 17ನೆಯದು ಕೆಟ್ಟದ್ದು. ಆ ಫರ್ಮ್‌ವೇರ್‌ನಲ್ಲಿ ರಿಂಗ್‌ಗೆ ಬಫರ್‌ಗಳು 16. ಅಂದರೆ ಒಮ್ಮೆ ಬಳಸಿದ ಬಫರ್ ಎರಡನೆಯ ಸಲ ಬಂದಾಗಲೇ ಕೆಡುತ್ತಿದೆ. ರೇಸ್ ಇಷ್ಟು ಶಿಸ್ತಾಗಿ ಬರುವುದಿಲ್ಲ.

17ನೆಯ ಸಂದೇಶದ ಬೈಟ್‌ಗಳನ್ನು ಎರಡೂ ಕಡೆಯಿಂದ ಮುದ್ರಿಸಿ ಪಕ್ಕಪಕ್ಕ ಇಟ್ಟೆವು. ಒಟ್ಟು 48 ಬೈಟ್: 16 ಹೆಡರ್, 32 ನಮ್ಮ ಮಾಹಿತಿ. ಹೆಡರ್ ಎರಡೂ ಕಡೆ ಒಂದೇ. ಮಾಹಿತಿಯ ಮೊದಲ 16 ಬೈಟ್ ಒಂದೇ, ಅನುಕ್ರಮ ಸಂಖ್ಯೆ ಕೂಡ 17. ಕೊನೆಯ 16 ಬೈಟ್ ಮಾತ್ರ ಎಂ7 ಕಡೆ ಬೇರೆ. ಕಸವೂ ಅಲ್ಲ, ಅಕ್ಷರಶಃ ಮೊದಲನೆಯ ಸಂದೇಶದ ಕೊನೆಯ 16 ಬೈಟ್‌ಗಳು. ಹಳತು ಹೊಸತರ ಗಡಿ ಬಫರ್‌ನ ಆರಂಭದಿಂದ ಸರಿಯಾಗಿ 32ನೆಯ ಬೈಟ್‌ನಲ್ಲಿತ್ತು. ಎಂ7 ಮೆಮೊರಿಯ ನಕಲನ್ನು ತನ್ನ ಹತ್ತಿರ ಇಟ್ಟುಕೊಳ್ಳುವ ಡೇಟಾ ಕ್ಯಾಶ್‌ನ ಒಂದು ಲೈನ್, ಅಂದರೆ ತುಣುಕು, 32 ಬೈಟ್. ಅಲ್ಲಿಗೆ ಲಿನಕ್ಸ್ ಡ್ರೈವರ್‌ನ ಫೈಲ್‌ಗಳನ್ನು ಮುಚ್ಚಿದೆವು.

ಫರ್ಮ್‌ವೇರ್‌ನಲ್ಲಿ ಕ್ಯಾಶ್ ಇನ್‌ವ್ಯಾಲಿಡೇಟ್ ಮಾಡುವ, ಅಂದರೆ ಅದರಲ್ಲಿನ ಹಳೆಯ ನಕಲನ್ನು ಅಳಿಸುವ, ಕರೆ ಇತ್ತು. ಆದರೆ ಅದು ಮಾಹಿತಿಯ ಪಾಯಿಂಟರ್‌ನಿಂದ, ಅಂದರೆ 16ನೆಯ ಬೈಟ್‌ನಿಂದ, 32 ಬೈಟ್ ಅಳಿಸು ಎನ್ನುತ್ತಿತ್ತು. ಒಳಗಿನ ಲೂಪ್ 32ರ ಹೆಜ್ಜೆ ಹಾಕುತ್ತಿತ್ತು. 16ನೆಯ ಬೈಟ್ ಇರುವ ಲೈನ್ ಅಳಿಸಿತು, 32 ಕಳೆಯಿತು, ಬಾಕಿ ಸೊನ್ನೆ, ಲೂಪ್ ಮುಗಿಯಿತು. 32ರಿಂದ 47ರವರೆಗಿನ ಬೈಟ್‌ಗಳಿದ್ದ ಎರಡನೆಯ ಲೈನ್ ಅನ್ನು ಅದು ಮುಟ್ಟಲೇ ಇಲ್ಲ. ಮೊದಲ ಸುತ್ತಿನಲ್ಲಿ ಆ ಲೈನ್ ಕ್ಯಾಶ್‌ನಲ್ಲೇ ಇರಲಿಲ್ಲವಾದ್ದರಿಂದ ನೇರ ಮೆಮೊರಿಯಿಂದ ಬಂದು ಎಲ್ಲ ಸರಿ ಕಾಣುತ್ತಿತ್ತು.

ಆರಂಭವನ್ನು 32ಕ್ಕೆ ಕೆಳಗೆ, ಕೊನೆಯನ್ನು 32ಕ್ಕೆ ಮೇಲೆ ಸರಿಹೊಂದಿಸಿದಾಗ ದೋಷ ಹೋಯಿತು. ಆದರೂ ನಾವು ಅಲ್ಲಿಗೆ ಬಿಡಲಿಲ್ಲ. ಈ ಮೆಮೊರಿಯನ್ನು ಕ್ಯಾಶ್ ಮಾಡುತ್ತಿರುವುದಾದರೂ ಏಕೆ ಎಂದು ಮೆಮೊರಿಯ ಯಾವ ಭಾಗವನ್ನು ಹೇಗೆ ಬಳಸಬೇಕೆಂದು ಎಂ7ಗೆ ಹೇಳುವ ಎಂಪಿಯು ಸಂರಚನೆ ತೆಗೆದು ನೋಡಿದರೆ, ಕ್ಯಾಶ್ ಬೇಡ ಎಂದು ಗುರುತಿಸಿದ ಪ್ರದೇಶ ರಿಂಗ್‌ಗಳಿಗೆ ಮಾತ್ರ ಸಾಲುತ್ತಿತ್ತು. ಡಿವೈಸ್ ಟ್ರೀಯಲ್ಲಿ ಬಫರ್‌ಗಳಿಗೆ ಪ್ರತ್ಯೇಕ ಕಾಯ್ದಿಟ್ಟ ಪ್ರದೇಶವಿತ್ತು, ಅದನ್ನು ಎಂಪಿಯುನಲ್ಲಿ ಸೇರಿಸಿಯೇ ಇರಲಿಲ್ಲ. ಅದನ್ನು ಸೇರಿಸಿದ ಮೇಲೆ ಇನ್‌ವ್ಯಾಲಿಡೇಟ್ ಕರೆಯೇ ಬೇಕಾಗಲಿಲ್ಲ. ಸಣ್ಣ ಸಂದೇಶಗಳಿಗೆ ನನ್ನ ಆಯ್ಕೆ ಯಾವಾಗಲೂ ಇದೇ. ಕೈಯಾರೆ ಕ್ಯಾಶ್ ನಿಭಾಯಿಸುವ ಪ್ರತಿ ಸಾಲೂ ಇನ್ನೊಂದು ದಿನ ಯಾರೋ ಮುರಿಯಬಹುದಾದ ಸಾಲು.

ಒಂದು ಮಾತು ಲಿನಕ್ಸ್ ಬದಿಗೂ ಇದೆ. ಗಂಟೆಯ ರಿಜಿಸ್ಟರ್‌ಗೆ ಬರೆಯುವಾಗ ‘ರಿಲ್ಯಾಕ್ಸ್ಡ್’ ಮಾದರಿಯ ರೈಟ್ ಬಳಸಬೇಡಿ. ಸಾಮಾನ್ಯ ರೈಟ್‌ಎಲ್ ತನಗಿಂತ ಮುಂಚಿನ ಮೆಮೊರಿ ಬರಹಗಳು ಹೋಗಿ ಮುಟ್ಟುವಂತೆ ಬ್ಯಾರಿಯರ್ ಇಟ್ಟುಕೊಂಡಿರುತ್ತದೆ, ರಿಲ್ಯಾಕ್ಸ್ಡ್‌ನಲ್ಲಿ ಅದಿಲ್ಲ. ಹಾಗಾದಾಗ ಗಂಟೆ ಮೊದಲು ಕೇಳಿ ಕಾಗದ ಆಮೇಲೆ ಬರುತ್ತದೆ, ಸಾವಿರದಲ್ಲೊಮ್ಮೆ ಹಳೆಯದನ್ನೇ ಓದುವ ಫರ್ಮ್‌ವೇರ್ ನಿಮ್ಮ ಪಾಲಿಗೆ ಸಿಗುತ್ತದೆ. ಈ ದೋಷದ ಗಡಿ ಕ್ಯಾಶ್ ಲೈನ್‌ಗೆ ಹೊಂದುವುದಿಲ್ಲ, ಎಷ್ಟನೆಯ ಸಂದೇಶ ಎಂಬುದಕ್ಕೂ ಹೊಂದುವುದಿಲ್ಲ. ಬೈಟ್‌ಗಳನ್ನು ಎಣಿಸಿ ನೋಡಿದಾಗ ಎರಡಕ್ಕೂ ವ್ಯತ್ಯಾಸ ತಿಳಿಯುತ್ತದೆ.

ಎಲ್ಲ ಸರಿಯಾದ ಮೇಲೆ ರಿಮೋಟ್‌ಪ್ರಾಕ್‌ನ ‘ಸ್ಟೇಟ್’ ಫೈಲ್‌ಗೆ ‘ಸ್ಟಾಪ್’ ಬರೆದು, ಮತ್ತೆ ‘ಸ್ಟಾರ್ಟ್’ ಬರೆದು ನೋಡಿ. ಸಂದೇಶಗಳು ಓಡುತ್ತಿರುವಾಗಲೇ ಇದನ್ನು ಹಲವು ಸಲ ಮಾಡಿ. ಬೋರ್ಡ್ ಅನ್ನು ಸಸ್ಪೆಂಡ್ ಮಾಡಿ ಎಬ್ಬಿಸಿದ ಮೇಲೂ ಇಂಟರಪ್ಟ್ ಎಣಿಕೆ ಏರುತ್ತಿದೆಯೇ ನೋಡಿ. ಹಿಂದಿನ ಓಟದ ಬಾಕಿ ಗಂಟೆ, ಅಳಿಸದೆ ಉಳಿದ ಸ್ಟೇಟಸ್ ಬಿಟ್, ಶಟ್‌ಡೌನ್‌ನಲ್ಲಿ ಮುಚ್ಚದ ಚಾನೆಲ್ ಇವೆಲ್ಲ ಮೊದಲ ಬೂಟ್‌ನಲ್ಲಿ ಕಾಣುವುದಿಲ್ಲ, ಎರಡನೆಯ ಸ್ಟಾರ್ಟ್‌ನಲ್ಲಿ ಕಾಣುತ್ತವೆ.